ಗುಜರಿ ಜಿಪ್ಸಿ ಗೇರ್‌ಬಾಕ್ಸ್: ಎರಡು ಮಳೆಗಾಲ ಕಳೆದ ಮೇಲೆ

ಮಾರುತಿ ಜಿಪ್ಸಿ, 1.3 ಲೀಟರ್ ಪೆಟ್ರೋಲ್, ಐದು ಗೇರು. ಕೆಟ್ಟದ್ದರ ಬದಲಿಗೆ ಹಾಕಿದ ಹಳೇ ಬಾಕ್ಸ್ ಬಂದದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ. ಓಡಿದ್ದು ಕೊಡಗಿನ ಗಾಳಿಬೀಡು ಕಡೆಯ ತೋಟದ ದಾರಿ, ಆಗಾಗ ಸಂಪಾಜೆ ಘಾಟಿ. ಎರಡು ಮಳೆಗಾಲ, ಎರಡು ಕಾಫಿ ಕುಯ್ಲು ಆಯಿತು. ಗೇರ್ ಹಾರುತ್ತಿಲ್ಲ, ಸೋರಿಕೆ ಇಲ್ಲ. ಚಳಿಗಾಲದ ಬೆಳಗ್ಗೆ ಎರಡನೇ ಗೇರು ಸ್ವಲ್ಪ ಗಡುಸು, ಬಿಸಿಯಾದ ಮೇಲೆ ಸರಿ. ದೂರು ಅಷ್ಟೇ.

ಆದರೆ ಗುಜರಿಗೆ ಹೋಗುವ ಮೊದಲು, ಕೆಟ್ಟಿರುವುದು ಗೇರ್‌ಬಾಕ್ಸೇ ಹೌದೋ ನೋಡಿ. ಜಿಪ್ಸಿಯಲ್ಲಿ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆಯೇ ಕೂತಿರುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟ್. ಆ ಕೇಸಿನ ಗೋಳಿಗೆ ಬೈಸಿಕೊಳ್ಳುವುದು ಪಾಪ ಗೇರ್‌ಬಾಕ್ಸ್. ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಕಿವಿಗೊಡಿ. ಗುಂಯ್ ಅನ್ನುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಗೇರ್‌ಬಾಕ್ಸಿನ ಬೇರಿಂಗು. ಒತ್ತಿದಾಗಲೇ ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗು, ಅದಕ್ಕೆ ಬಾಕ್ಸ್ ಬದಲಿಸಬೇಕಿಲ್ಲ. ಓಡುವಾಗ ನಾಲ್ಕನೇ ಗೇರಿನಲ್ಲಿ ಮಾತ್ರ ಸದ್ದು ತಗ್ಗಿದರೆ ಬಾಕ್ಸಿನೊಳಗಿನ ಪಕ್ಕದ ಶಾಫ್ಟು, ಅಂದರೆ ಕೌಂಟರ್‌ಶಾಫ್ಟ್ ಕಡೆ ಅನುಮಾನ, ಯಾಕೆಂದರೆ ನಾಲ್ಕನೆಯದು ನೇರ ಗೇರು, ಅಲ್ಲಿ ಕೌಂಟರ್‌ಶಾಫ್ಟ್ ಮೇಲೆ ಭಾರ ಬೀಳುವುದಿಲ್ಲ. ನಿಂತಾಗ ಮೌನ, ಓಡುವಾಗ ಎಲ್ಲ ಗೇರಿನಲ್ಲೂ ಒಂದೇ ಗೋಳು ಅಂದರೆ ಟ್ರಾನ್ಸ್‌ಫರ್ ಕೇಸ್ ಅಥವಾ ಡಿಫರೆನ್ಶಿಯಲ್ ನೋಡಿ. ಗೇರು ಸಲೀಸಾಗಿ ಬೀಳಿಸುವ ಸಿಂಕ್ರೊ ರಿಂಗ್ ಬರೀ ಒಂದು ಸವೆದಿದ್ದರೆ ನಿಮ್ಮದನ್ನೇ ಬಿಚ್ಚಿಸುವುದು ಜಾಣತನ. ಬೇರಿಂಗು, ಗೇರಿನ ಹಲ್ಲು, ರಿಂಗು ಎಲ್ಲ ಒಟ್ಟಿಗೆ ಹೋಗಿದ್ದರಷ್ಟೇ ಗುಜರಿ ಲಾಭ.

ಅಂಗಡಿಯವನು 'ಎಲ್ಲ ಜಿಪ್ಸಿಗೂ ಕೂರುತ್ತೆ ಸಾರ್' ಅಂದರೆ ನಂಬಬೇಡಿ. 1985ರಲ್ಲಿ ಬಂದ 970 ಸಿಸಿ ಜಿಪ್ಸಿಯ ನಾಲ್ಕು ಗೇರಿನ ಬಾಕ್ಸ್ 1.3 ಎಂಜಿನ್ನಿಗೆ ನೇರವಾಗಿ ಕೂರುವುದಿಲ್ಲ. ಐದು ಗೇರಿನದೇ ಎಂದು ತಿಳಿಯಲು ಶಾಫ್ಟ್ ತಿರುಗಿಸಿ ಎಣಿಸಿ. ಒಂದನೇ ಗೇರಿನಲ್ಲಿ ಹಿಂದಿನ ಶಾಫ್ಟ್ ಒಂದು ಸುತ್ತು ಬರಲು ಮುಂದಿನದು ಮೂರೂಮುಕ್ಕಾಲಿಗೆ ಚೂರು ಕಡಿಮೆ ಸುತ್ತಬೇಕು, ನಾಲ್ಕರಲ್ಲಿ ಒಂದಕ್ಕೊಂದು, ಐದರಲ್ಲಿ ಒಂದು ಸುತ್ತಿಗೂ ಕಮ್ಮಿ. ಎಣಿಸುವಾಗಲೇ ಗರಗರ ಕೈಗೆ ಸಿಗುತ್ತದೆ. ಇನ್‌ಪುಟ್ ಶಾಫ್ಟನ್ನು (ಎಂಜಿನ್ ಕಡೆಯದು) ಮೇಲೆ ಕೆಳಗೆ ಅಲುಗಿಸಿ, ಅದರ ಮೇಲಿನ ಉದ್ದುದ್ದ ಹಲ್ಲು, ಅಂದರೆ ಸ್ಪ್ಲೈನ್, ಸವೆದು ಮೆಟ್ಟಿಲಾಗಿದೆಯೋ ನೋಡಿ. ಡ್ರೈನ್ ಪ್ಲಗ್ ಬಿಚ್ಚಿಸಿ, ಉಳಿದ ಎಣ್ಣೆ ಬೆರಳಿಗೆ ಹಚ್ಚಿಕೊಳ್ಳಿ. ನುಣ್ಣಗಿನ ಬೂದು ಮಸಿ ಸಹಜ. ಹೊನ್ನಿನ ಪುಡಿಯಂತೆ ಮಿನುಗಿದರೆ ಸಿಂಕ್ರೊದ ಹಿತ್ತಾಳೆ. ಉಗುರಿಗೆ ಸಿಗುವ ಚೂರಿದ್ದರೆ ಎದ್ದು ಬನ್ನಿ. ಎಣ್ಣೆಯೇ ಇಲ್ಲದೆ ಒಳಗೆ ಫಳಫಳ ತೊಳೆದಿಟ್ಟಿದ್ದರೂ ಅನುಮಾನಪಡಿ. ಆರ್‌ಸಿಯಲ್ಲಿ ಇರುವುದು ಚಾಸಿ ಮತ್ತು ಎಂಜಿನ್ ನಂಬರ್ ಮಾತ್ರ, ಗೇರ್‌ಬಾಕ್ಸಿನದಲ್ಲ. ಆದರೂ ಬಿಲ್ ಪಡೆಯಿರಿ, ಕದ್ದ ಮಾಲಿನ ತಲೆನೋವು ಬೇಡ. ಗ್ಯಾರಂಟಿ ಅಂದರೆ ಸಾಮಾನ್ಯವಾಗಿ ಬದಲಿ ಬಾಕ್ಸ್, ಹಣ ವಾಪಸಲ್ಲ.

ಬಾಕ್ಸ್ ನೆಲದ ಮೇಲಿರುವಾಗಲೇ ಮುಂದಿನ ಮತ್ತು ಹಿಂದಿನ ಆಯಿಲ್ ಸೀಲ್, ಕ್ಲಚ್ ರಿಲೀಸ್ ಬೇರಿಂಗ್, ಇನ್‌ಪುಟ್ ಶಾಫ್ಟಿನ ತುದಿ ಕೂರುವ ಪುಟ್ಟ ಪೈಲಟ್ ಬೇರಿಂಗ್ ಹೊಸದು ಹಾಕಿ. ಕ್ಲಚ್ ಪ್ಲೇಟ್ ಅರ್ಧ ಸವೆದಿದ್ದರೂ ಬದಲಿಸಿ. ಇಲ್ಲಿ ಉಳಿಸಿದ ಕಾಸು ಮತ್ತೆ ಇಳಿಸುವ ಕೂಲಿಗೇ ಹೋಗುತ್ತದೆ.

ಇಳಿಸುವುದು ಕಷ್ಟವಲ್ಲ. ಬ್ಯಾಟರಿ ತಂತಿ ಬಿಚ್ಚಿ, ಮೊದಲು ಎಣ್ಣೆ ಬಸಿಯಿರಿ. ಇಲ್ಲವಾದರೆ ಗಿಡ್ಡ ಶಾಫ್ಟ್ ಎಳೆದೊಡನೆ ಹಿಂದಿನ ಸೀಲಿನಿಂದ ಮುಖಕ್ಕೇ ಅಭಿಷೇಕ. ಗೇರ್ ಲಿವರಿನ ಮುಚ್ಚಳವನ್ನು ಕೆಳಗೊತ್ತಿ ಎಡಕ್ಕೆ ತಿರುಗಿಸಿದರೆ ಲಿವರ್ ಮೇಲೆ ಬರುತ್ತದೆ. ಶಾಫ್ಟಿನ ಫ್ಲ್ಯಾಂಜಿಗೆ ಬಣ್ಣದ ಗುರುತು ಹಾಕಿ ಬಿಚ್ಚಿ. ಸ್ಟಾರ್ಟರ್, ಕ್ಲಚ್ ಕೇಬಲ್, ರಿವರ್ಸ್ ಲೈಟಿನ ವೈರ್, ಅಡ್ಡ ಬರುವ ಸೈಲೆನ್ಸರ್ ಪೈಪ್ ತೆಗೆಯಿರಿ. ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನದು, ಮುಟ್ಟಬೇಡಿ.

ಏರಿಸುವಾಗ ಎರಡು ತಪ್ಪು ಮಾಮೂಲಿ. ಶಾಫ್ಟ್ ಪ್ಲೇಟಿನೊಳಗೆ ಹೋದ ಮೇಲೆ ಬಾಕ್ಸಿನ ಭಾರವನ್ನು ಅದರ ಮೇಲೇ ನೇತುಬಿಡುವುದು ಒಂದು, ಆಗ ಪ್ಲೇಟ್ ಬಾಗುತ್ತದೆ. ಬಾಕಿ ಉಳಿದ ಅರ್ಧ ಇಂಚನ್ನು ಬೋಲ್ಟ್ ಬಿಗಿಸಿ ಎಳೆಯುವುದು ಇನ್ನೊಂದು, ಕ್ಲಚ್ಚನ್ನು ಮುಚ್ಚುವ ಬೆಲ್‌ಹೌಸಿಂಗಿನ ಅಲ್ಯೂಮಿನಿಯಂ ಕಿವಿ ಟಪ್ಪನೆ ಮುರಿಯುತ್ತದೆ. ಕ್ಲಚ್ ಪ್ಲೇಟನ್ನು ಹಳೆಯ ಇನ್‌ಪುಟ್ ಶಾಫ್ಟಿನಿಂದ ನಡುವಿಗೆ ಕೂರಿಸಿದ್ದರೆ ಕೈಯಲ್ಲಿ ತಳ್ಳಿದರೂ ಸಲೀಸಾಗಿ ಹೋಗುತ್ತದೆ.

ಎಣ್ಣೆ 1.3 ಲೀಟರ್, ಫಿಲ್ಲರ್ ತೂತಿನ ಕೆಳಅಂಚಿನವರೆಗೆ. ಜಿಎಲ್-4 ದರ್ಜೆಯ 75ಡಬ್ಲ್ಯೂ-90 ಗೇರ್ ಎಣ್ಣೆ ಹಾಕಿ. ಡಿಫರೆನ್ಶಿಯಲ್‌ಗೆ ಹಾಕುವ ಜಿಎಲ್-5 ಮಿಕ್ಕಿದೆಯೆಂದು ಇದಕ್ಕೆ ಸುರಿಯಬೇಡಿ, ಅದರ ಗಂಧಕದ ರಾಸಾಯನಿಕ ಹಿತ್ತಾಳೆ ರಿಂಗನ್ನು ತಿನ್ನಬಲ್ಲದು. ಟ್ರಾನ್ಸ್‌ಫರ್ ಕೇಸಿಗೆ ಬೇರೆ 0.8 ಲೀಟರ್ ಬೇಕು. ಇದನ್ನು ಮರೆಯುವ ಮೆಕ್ಯಾನಿಕ್‌ಗಳಿಗೆ ಬರವಿಲ್ಲ.

ಕೊಡಗಿನಲ್ಲಿ ಬಾಕ್ಸ್ ಕೊಲ್ಲುವುದು ನೀರು. ಘಾಟಿ ಹತ್ತಿ ಬಿಸಿಯಾದ ಬಾಕ್ಸ್ ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಯಲ್ಲಿ ತುಂಬಿದ ತೋಡಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ಬ್ರೀದರ್‌ನಿಂದಲೋ ಹಳೇ ಸೀಲಿನಿಂದಲೋ ನೀರು ಹೀರುತ್ತದೆ. ಬಾಕ್ಸ್ ಏರಿಸುವ ಮೊದಲೇ ಬ್ರೀದರಿಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ಒಯ್ದು ಬಾಯಿ ಕೆಳಗೆ ಬಗ್ಗಿಸಿ ಕಟ್ಟಿ. ಕೂತ ಮೇಲೆ ಅಲ್ಲಿಗೆ ಕೈ ತೂರಿಸುವುದು ಶಿಕ್ಷೆ. ಮೊದಲ ಎಣ್ಣೆ 1,000 ಕಿಲೋಮೀಟರಿಗೆ ಬದಲಿಸಿ, ಆಮೇಲೆ ಪ್ರತಿ ಮಳೆಗಾಲ ಮುಗಿದ ಕೂಡಲೇ ಪ್ಲಗ್ ಸಡಿಲಿಸಿ ನಾಲ್ಕು ಹನಿ ನೋಡಿ. ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ ಅಂದೇ ಬಸಿಯಿರಿ, ಹೊಸ ಎಣ್ಣೆ ಹಾಕಿ ಐವತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಸಿಯಿರಿ.