ಕೋಲಾರದ ಸಭೆಯೊಂದರ ದೀಕ್ಷಾಸ್ನಾನ ಸಿದ್ಧತಾ ತರಗತಿ: ಸೇರುವವರಿಗೆ ನನ್ನ ಅಭಿಪ್ರಾಯ

ಕೋಲಾರದಲ್ಲಿ ನಾವು ಹೋಗುವ ಸಭೆಯಲ್ಲಿ (ಚರ್ಚಿನಲ್ಲಿ) ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ಬೇಕೆಂದು ಬಂದವರನ್ನು ಕೂಡಲೇ ನೀರಿಗಿಳಿಸುವ ಪದ್ಧತಿಯಿಲ್ಲ. ಭಾನುವಾರದ ಆರಾಧನೆ ಮುಗಿದ ಮೇಲೆ ನಡೆಯುವ ಸಿದ್ಧತಾ ತರಗತಿಯಲ್ಲಿ ಕೆಲವು ವಾರ ಕೂತು, ಹಿರಿಯರ ಮುಂದೆ ತಮ್ಮ ವಿಶ್ವಾಸವನ್ನು ಬಾಯಿಬಿಟ್ಟು ಹೇಳಿದವರಿಗೆ ಮಾತ್ರ ದಿನ ಗೊತ್ತುಮಾಡುತ್ತಾರೆ. ನಮ್ಮ ಯಜಮಾನರು ಈ ವರ್ಷ ಹೀಗೆಯೇ ದೀಕ್ಷಾಸ್ನಾನ ಪಡೆದರು. ತುಮಕೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬದಲ್ಲಿ ಹುಟ್ಟಿ ಹಸುಗೂಸಾಗಿದ್ದಾಗಲೇ ದೀಕ್ಷಾಸ್ನಾನವಾಗಿದ್ದ ನಾನು ಅವರ ಜೊತೆಗೆ ಕೂತು ಎಲ್ಲ ಪಾಠಗಳನ್ನೂ ಕೇಳಿದೆ. ತರಗತಿಗೆ ಶುಲ್ಕವಿಲ್ಲ, ಕಾಣಿಕೆ ಎತ್ತುವುದೂ ಇಲ್ಲ; ಪಾಠ ಕನ್ನಡದಲ್ಲಿಯೇ ನಡೆಯುತ್ತದೆ.

ಈ ತರಗತಿಯ ನಿಜವಾದ ಬೆಲೆ ಇರುವುದು ಪಶ್ಚಾತ್ತಾಪದ ಪಾಠದಲ್ಲಿ. ಕಲಿಸುವವರು ನಿವೃತ್ತ ಶಾಲಾ ಮೇಷ್ಟ್ರು. ಅವರು ಅಳುವ ಮಾತನ್ನಾಗಲಿ ನರಕದ ಭಯವನ್ನಾಗಲಿ ಮುಂದಿಡದೆ, ಬೈಬಲಿನಲ್ಲಿ ಬರುವ ಇಸ್ರಾಯೇಲಿನ ಇಬ್ಬರು ಅರಸರನ್ನು ಅಕ್ಕಪಕ್ಕ ನಿಲ್ಲಿಸಿದರು. ಸೌಲನೂ ದಾವೀದನೂ ತಪ್ಪು ಬಯಲಾದಾಗ "ನಾನು ಪಾಪ ಮಾಡಿದ್ದೇನೆ" ಎಂದೇ ಹೇಳಿದರು. ಆದರೆ ಸೌಲನು ಮೊದಲು ಜನರ ಮೇಲೆ ತಪ್ಪು ಹೊರಿಸಿ, ಒಪ್ಪಿಕೊಂಡ ಮೇಲೂ ಹಿರಿಯರ ಮುಂದೆ ತನ್ನ ಮಾನ ಉಳಿಸಬೇಕೆಂದು ಪ್ರವಾದಿ ಸಮುವೇಲನನ್ನು ಬೇಡಿದನು. ದಾವೀದನಾದರೋ ತನ್ನ ತಪ್ಪನ್ನು ಎತ್ತಿ ತೋರಿಸಿದ ಪ್ರವಾದಿ ನಾತಾನನ ಎದುರಿಗೆ ಯಾವ ನೆಪವನ್ನೂ ಹೇಳಲಿಲ್ಲ. ಇಷ್ಟು ಹೇಳಿ ಮೇಷ್ಟ್ರು ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟು, ತಾವು ಯಾರಿಗೆ ಏನನ್ನು ಹಿಂದಿರುಗಿಸಬೇಕಾಗಿದೆ ಎಂಬುದನ್ನು ಮನೆಯಲ್ಲಿ ಬರೆದುಕೊಳ್ಳುವಂತೆಯೂ, ಅದನ್ನು ಯಾರಿಗೂ ತೋರಿಸಬೇಕಾಗಿಲ್ಲವೆಂದೂ ತಿಳಿಸಿದರು. ಮುಂದಿನ ಪಾಠ ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವನಾದ ಜಕ್ಕಾಯನದು. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದು ಅವನು ಹೇಳಿದ್ದು ಬಾಯಿಗೆ ಬಂದ ಲೆಕ್ಕವಲ್ಲ, ಕುರಿ ಕದ್ದವನು ಒಂದಕ್ಕೆ ನಾಲ್ಕು ಕೊಡಬೇಕೆಂದು ಬೈಬಲಿನ ವಿಮೋಚನಕಾಂಡ ಹೇಳುವ ದಂಡವನ್ನು ಅವನು ತಾನಾಗಿ ತನ್ನ ಮೇಲೆ ಹಾಕಿಕೊಂಡನು ಎಂಬ ವಿವರಣೆ ಎಲ್ಲರ ಮನಸ್ಸಿಗೂ ನಾಟಿತು. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರು ದೀಕ್ಷಾಸ್ನಾನದ ದಿನ ತಮ್ಮ ಸಾಕ್ಷಿಯಲ್ಲಿ, ರೈತರ ಪಟ್ಟಿಯಲ್ಲಿ ಬಾಕ್ಸುಗಳನ್ನು ಕಡಿಮೆ ಬರೆದು ಉಳಿಸಿಕೊಂಡಿದ್ದ ಹಣವನ್ನು, ಗುರುತು ಸಿಕ್ಕವರಿಗೆಲ್ಲ ಊರಿಗೆ ಹೋಗಿ ಕೊಟ್ಟುಬಂದದ್ದನ್ನು ಸಭೆಯ ಮುಂದೆ ಹೇಳಿದರು. ಪಾಪಕ್ಷಮೆ ದೇವರ ಉಚಿತ ವರ, ಹಣ ಹಿಂದಿರುಗಿಸಿ ಅದನ್ನು ಸಂಪಾದಿಸಲಾಗದು. ಆದರೂ ತಿರುಗಿಕೊಂಡ ಮನುಷ್ಯನ ಕೈ ಕೂಡ ತಿರುಗಿಕೊಳ್ಳಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ತರಗತಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಕ್ಷಮೆಯ ಪಾಠ ಚೆನ್ನಾಗಿ ಆರಂಭವಾಯಿತು. ಒಡೆಯನು ತನ್ನ ದೊಡ್ಡ ಸಾಲವನ್ನು ಬಿಟ್ಟುಕೊಟ್ಟರೂ ಜೊತೆಯವನ ಸಣ್ಣ ಸಾಲವನ್ನು ಬಿಡದ, ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕನಿಕರವಿಲ್ಲದ ಸೇವಕನ ಸಾಮ್ಯವನ್ನು ತೆಗೆದುಕೊಂಡು ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದರು: ಆ ಕಾಲದ ದೊಡ್ಡ ಹಣದ ಲೆಕ್ಕವಾದ ಒಂದು ತಲಾಂತಿಗೆ ಸುಮಾರು 6,000 ದಿನಗಳ ಕೂಲಿ, ಅವನು ಒಡೆಯನಿಗೆ ಕೊಡಬೇಕಾಗಿದ್ದದ್ದು 10,000 ತಲಾಂತು, ಅಂದರೆ 6 ಕೋಟಿ ದಿನಗಳ ಕೂಲಿ, ಅವನ ಜೊತೆಯ ಸೇವಕನು ಅವನಿಗೆ ಕೊಡಬೇಕಾಗಿದ್ದದ್ದು 100 ದಿನಗಳ ಕೂಲಿ. ಸೊನ್ನೆಗಳು ಬೋರ್ಡಿನ ಅಂಚಿನವರೆಗೂ ಹೋದವು. 100 ದಿನಗಳ ಕೂಲಿಯೂ ಬಡವನಿಗೆ ಸಣ್ಣ ಮೊತ್ತವಲ್ಲ, ನಮಗಾದ ನೋವು ನಿಜವಾದ ನೋವೇ, ಎಂದು ಅವರು ಸೇರಿಸಿದ್ದು ನನಗೆ ಬಹಳ ಹಿಡಿಸಿತು.

ಆದರೆ ತರಗತಿ ಸೋತದ್ದೂ ಇಲ್ಲಿಯೇ. ಒಬ್ಬ ಸಹೋದರಿ, ತಮ್ಮ ಪಾಲಿನ ಜಮೀನನ್ನು ಮೈದುನ ಕಬಳಿಸಿರುವುದರಿಂದ ಕೋರ್ಟಿನಲ್ಲಿ ದಾವೆ ನಡೆಯುತ್ತಿದೆ, ಕ್ಷಮಿಸುವುದೆಂದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೇ, ಎಂದು ಕೇಳಿದರು. "ಎಲ್ಲ ಮರೆತುಬಿಡಮ್ಮ, ಕರ್ತನು ನೋಡಿಕೊಳ್ಳುತ್ತಾನೆ" ಎಂಬ ಉತ್ತರ ಕೊಟ್ಟು ಮುಂದಿನ ಪಾಠಕ್ಕೆ ಹೋದದ್ದು ನನಗೆ ಸರಿಬರಲಿಲ್ಲ. ಬೈಬಲಿನಲ್ಲಿ ಯೋಸೇಫನು ಐಗುಪ್ತದ ಅಧಿಕಾರಿಯಾದ ಮೇಲೆ, ತನ್ನನ್ನು ಮಾರಿದ ಅಣ್ಣಂದಿರಿಗಾಗಿ ಮರೆಯಲ್ಲಿ ಅತ್ತನು, ಅವರಿಗೆ ದವಸ ಕೊಟ್ಟನು. ಹಾಗಿದ್ದರೂ ಕೂಡಲೇ ತನ್ನ ಗುರುತು ಹೇಳಿಕೊಳ್ಳದೆ, ಅವರಲ್ಲೊಬ್ಬನಾದ ಸಿಮೆಯೋನನನ್ನು ಸೆರೆಯಲ್ಲಿಟ್ಟು, ತಮ್ಮನಾದ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾನಪಾತ್ರೆಯನ್ನಿಡಿಸಿ, ಅವರ ಮನಸ್ಸು ಬದಲಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿದನು. ಹಿಂದೆ ತಮ್ಮನನ್ನು ಮಾರೋಣವೆಂದ ಯೆಹೂದನೇ ಈಗ ಇನ್ನೊಬ್ಬ ತಮ್ಮನ ಬದಲಿಗೆ ತಾನು ದಾಸನಾಗಿರುತ್ತೇನೆಂದು ಮುಂದೆ ಬಂದಾಗ ಮಾತ್ರ ಅವನು ತಡೆಯಲಾರದೆ ಅತ್ತು, ನಾನೇ ಯೋಸೇಫನು ಎಂದನು. ಹಗೆಯನ್ನು ಬಿಡುವುದು ಇಂದೇ ಆಗಬಹುದು, ಮುರಿದ ನಂಬಿಕೆ ಕೂಡಿಬರಲು ಎದುರಿನವರ ಪಶ್ಚಾತ್ತಾಪವೂ ಬೇಕು. ನ್ಯಾಯ ಕೇಳುವ ಸಹೋದರಿಯನ್ನು ಕ್ಷಮಿಸಲಾರದವಳೆಂದು ಎಣಿಸುವುದು ತಪ್ಪು. ಜಕ್ಕಾಯನಿಗೆ ಕೊಟ್ಟಷ್ಟು ಸಮಯವನ್ನು ಇದಕ್ಕೂ ಕೊಡಬೇಕಾಗಿತ್ತು.

ಶಿಶು ದೀಕ್ಷಾಸ್ನಾನದ ಬಗ್ಗೆ ಬಂದ ಮಾತುಗಳಲ್ಲಿಯೂ ಇನ್ನಷ್ಟು ಎಚ್ಚರ ಬೇಕಾಗಿತ್ತು. ಈ ಸಭೆಯವರು ಮುಳುಗಿಸಿ ಕೊಡುವ ವಿಶ್ವಾಸಿಗಳ ದೀಕ್ಷಾಸ್ನಾನವನ್ನು ಮಾತ್ರ ಒಪ್ಪುತ್ತಾರೆ. ಕ್ರಿಸ್ತನೊಂದಿಗೆ ಹೂಣಲ್ಪಟ್ಟು ಎಬ್ಬಿಸಲ್ಪಡುವುದೆಂಬ ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದ ಅರ್ಥ ಅದರಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಶಿಶುಗಳಿಗೆ ಮಾಡುವಂತೆ ತಲೆಯ ಮೇಲೆ ನೀರು ಹೊಯ್ಯುವುದು ಇತ್ತೀಚಿನ ಸಡಿಲಿಕೆ ಎಂಬಂತೆ ಹೇಳಿದ್ದು ಸರಿಯಲ್ಲ. ಸಭೆಯ ಅತಿ ಹಳೆಯ ಬರಹಗಳಲ್ಲಿ ಒಂದಾದ ದಿದಖೆಯು ಹರಿಯುವ ನೀರನ್ನು ಮೊದಲು ಹೇಳಿ, ಅದಿಲ್ಲದಿದ್ದರೆ ಬೇರೆ ನೀರು, ಸಾಕಷ್ಟು ನೀರೇ ಇಲ್ಲದಿದ್ದರೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ತಲೆಯ ಮೇಲೆ ಮೂರು ಸಲ ನೀರು ಹೊಯ್ಯಬಹುದೆಂದು ಹೇಳುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಮ್ಮ ಕೋಲಾರದ ನೆಲಕ್ಕೆ ಈ ಮಾತು ಚೆನ್ನಾಗಿ ಅರ್ಥವಾಗಬೇಕು. ಇಲ್ಲಿನ ಹಲವು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು ಬರುತ್ತಿದೆ. ಈ ಸಭೆಯವರು ಕೆರೆಗೆ ಹೋಗದೆ, ವೇದಿಕೆಯ ಮುಂದೆ ಕಟ್ಟಿಸಿರುವ ತೊಟ್ಟಿಗೆ ಟ್ಯಾಂಕರ್ ನೀರು ತುಂಬಿಸುತ್ತಾರೆ.

ದೀಕ್ಷಾಸ್ನಾನದ ದಿನದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಮೆಟ್ಟಿಲಿಗೆ ಹಿಡಿ ಇದೆ, ವಯಸ್ಸಾದವರನ್ನು ಇಬ್ಬರು ಹಿಡಿದುಕೊಂಡು ಇಳಿಸುತ್ತಾರೆ, ಬಟ್ಟೆ ಬದಲಿಸಲು ಹೆಂಗಸರಿಗೆ ಬೇರೆ ಕೋಣೆಯಿದೆ. ಬಿಳಿ ಬಟ್ಟೆ ನೀರಿನಲ್ಲಿ ಮೈಗೆ ಅಂಟುವುದರಿಂದ ಮೇಲೆ ದಪ್ಪನೆಯ ನಿಲುವಂಗಿ ಕೊಡುತ್ತಾರೆ; ಒಂದು ಜೊತೆ ಒಣ ಬಟ್ಟೆ ಮತ್ತು ಟವೆಲ್ಲನ್ನು ನಾವೇ ಒಯ್ಯಬೇಕು.

ಹೊಸದಾಗಿ ವಿಶ್ವಾಸಕ್ಕೆ ಬಂದವರು ಧೈರ್ಯವಾಗಿ ಸೇರಬಹುದು, ಪಶ್ಚಾತ್ತಾಪದ ಪಾಠಗಳನ್ನಂತೂ ಒಂದನ್ನೂ ತಪ್ಪಿಸಬಾರದು. ಸಿ.ಎಸ್.ಐ., ಮೆಥೊಡಿಸ್ಟ್ ಅಥವಾ ಕಥೋಲಿಕ ಸಭೆಗಳಲ್ಲಿ ಶಿಶುವಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವರು ಹೆಸರು ಕೊಡುವ ಮೊದಲು ತಮ್ಮ ಸಭಾಪಾಲಕರ ಹತ್ತಿರ ಮಾತನಾಡುವುದು ಒಳ್ಳೆಯದು. ಮನೆಯವರಿಂದಲೋ ನೆಂಟರಿಂದಲೋ ಅನ್ಯಾಯಕ್ಕೆ ಒಳಗಾದವರು ಕ್ಷಮೆಯ ಪಾಠದ ದಿನ ಎಲ್ಲರ ನಡುವೆ ಪ್ರಶ್ನೆ ಎತ್ತದೆ, ಮೇಷ್ಟ್ರನ್ನೋ ಪಾಸ್ಟರಮ್ಮನವರನ್ನೋ ಬೇರೆಯಾಗಿ ಕಂಡು, ಸಮಯ ಕೇಳಿ ಮಾತನಾಡಬೇಕೆಂಬುದು ನನ್ನ ಸಲಹೆ.