ಸ್ಕೂಲಿನಿಂದ ‘ಫ್ರೀ ಹಲ್ಲು ಚೆಕಪ್’ ಚೀಟಿ ಬಂದಿದ್ಯಾ? ಓಟಿಪಿ ಹೇಳುವ ಮೊದಲು ಇದನ್ನು ಓದಿ

ಬೆಂಗಳೂರಿನ ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ ಕಡೆಯ ಅಮ್ಮಂದಿರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮಗಳಿಗೆ ಆಗ ಏಳೂವರೆ ವರ್ಷ.

ಅವಳ ಸ್ಕೂಲಿಗೆ ಒಂದು ಕ್ಲಿನಿಕ್‌ನವರು ಬಂದು ಎಲ್ಲ ಮಕ್ಕಳ ಹಲ್ಲು ನೋಡಿ ಹೋದರು. ಸಂಜೆ ಡೈರಿಯಲ್ಲಿ ಗುಲಾಬಿ ಚೀಟಿ. ಹಲ್ಲಿನ ಸಾಲಿನ ಚಿತ್ರ, ಏಳು ಹಲ್ಲಿಗೆ ಕೆಂಪು ಪೆನ್ನಿನ ಸುತ್ತು, ಕೆಳಗೆ ‘ಅರ್ಜೆಂಟ್’. ಅಷ್ಟರಲ್ಲಾಗಲೇ ಅವಳು ರಾತ್ರಿ ದವಡೆ ಹಿಡಿದುಕೊಂಡು ಅಳುವುದು ಶುರುವಾಗಿತ್ತು. ಚೀಟಿ ನೋಡಿ ನನಗೆ ನಿದ್ದೆ ಬರಲಿಲ್ಲ.

ಭಾನುವಾರ ಹೋದೆವು. ಎಸಿ, ಟಿವಿಯಲ್ಲಿ ಕಾರ್ಟೂನ್. ಡಾಕ್ಟರ್ ಎರಡು ನಿಮಿಷ ನೋಡಿದರು, ಎಕ್ಸ್‌ರೇ ಇಲ್ಲ. ಆಮೇಲೆ ಪಕ್ಕದ ರೂಮಿನಲ್ಲಿ ಒಬ್ಬ ಮೇಡಂ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದರು: 34,500. ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ನಾನು ಎದ್ದು ನಿಂತೆ. “ಕೀವು ತಲೆಗೆ ಏರಿದ್ರೆ ಏನ್ ಮಾಡ್ತೀರ? ತಿಂಗಳಿಗೆ 2,875 ಅಷ್ಟೆ, ಬಡ್ಡಿ ಇಲ್ಲ” ಅಂದರು. ಆಧಾರ್, ಪ್ಯಾನ್ ತಗೊಂಡರು. ಫೋನಿಗೆ ಬಂದ ಓಟಿಪಿ ಎರಡು ಸಲ ಓದಿ ಹೇಳಿದೆ.

ನಾನು ಅಂದುಕೊಂಡಿದ್ದು ಕ್ಲಿನಿಕ್‌ಗೆ ಕಂತು ಕಟ್ಟುವುದು ಅಂತ. ಅದು ಸಾಲ. ಒಂದು ಫೈನಾನ್ಸ್ ಕಂಪನಿ ನನ್ನ ಹೆಸರಲ್ಲಿ ಸಾಲ ಹಾಕಿ, ಪೂರ್ತಿ ದುಡ್ಡು ಕ್ಲಿನಿಕ್‌ಗೆ ಕೊಟ್ಟಾಗಿತ್ತು. ಕೆಲಸ ಒಂದು ಹಲ್ಲಿಗೂ ಶುರುವಾಗಿರಲಿಲ್ಲ.

ಗುರುವಾರ ಮಗಳು ಚಕ್ಕುಲಿ ಕಚ್ಚಿದಳು. ಮೇಲಿನ ಮುಂದಿನ ಹಲ್ಲು ಚಕ್ಕುಲಿಗೆ ಸಿಕ್ಕಿಕೊಂಡು ಕೈಗೆ ಬಂತು. ಅವಳು ಖುಷಿಯಿಂದ ಅದನ್ನು ಮನೆ ಮೇಲಕ್ಕೆ ಎಸೆದಳು, ಶೀಟಿನ ಮೇಲೆ ಟಣ್ ಅಂತು. ನಾನು ಚೀಟಿ ತೆಗೆದು ನೋಡಿದೆ. ಸುತ್ತು ಹಾಕಿದ ಏಳರಲ್ಲಿ ಅದೂ ಒಂದು. ರೂಟ್ ಕೆನಾಲ್ ಮತ್ತೆ ಕ್ಯಾಪ್, 6,500! ಫೋನ್ ಮಾಡಿದರೆ “ಅದರ ಬದಲು ಬೇರೆ ಹಲ್ಲು ಮಾಡಿಕೊಡ್ತೀವಿ” ಅಂದರು. ಬಟ್ಟೆ ಅಂಗಡಿಯಲ್ಲಿ ಸೈಜ್ ಬದಲಾಯಿಸಿಕೊಟ್ಟ ಹಾಗೆ.

ಎರಡು ಹಲ್ಲಿಗೆ ಕ್ಯಾಪ್ ಹಾಕಿದರು. ಇಪ್ಪತ್ತು ದಿನಕ್ಕೆ ಒಂದು ಕಳಚಿ ಅನ್ನದ ತಟ್ಟೆಯಲ್ಲಿ ಸಿಕ್ಕಿತು. ರಾತ್ರಿಯ ಅಳು ಮಾತ್ರ ಹಾಗೇ ಇತ್ತು.

ನಮ್ಮ ಬ್ಯಾಚಿನ ಅಕ್ಕ ಒಬ್ಬರು ಬೈದು ಕಳಿಸಿದ್ದು ಸರ್ಕಾರಿ ದಂತ ಕಾಲೇಜಿಗೆ. ಕೆ.ಆರ್. ಮಾರ್ಕೆಟ್ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿದೆ. ಅಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇದೆ. ಎಕ್ಸ್‌ರೇ ತೆಗೆದು ಒಬ್ಬ ಹುಡುಗಿ, ಡಾಕ್ಟರೇ, ಮೇಲಿನ ಓದು ಓದುತ್ತಿರುವವಳು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದಳು. ನೋವು ಕೊಡುತ್ತಿದ್ದ ಹಲ್ಲು ಗುಲಾಬಿ ಚೀಟಿಯಲ್ಲೇ ಇರಲಿಲ್ಲ. “ಇದು ಹಾಲು ಹಲ್ಲಲ್ಲ ಅಮ್ಮ. ಆರು ವರ್ಷದ ಹೊತ್ತಿಗೆ ಎಲ್ಲಕ್ಕಿಂತ ಹಿಂದೆ ಬರುತ್ತೆ. ಯಾವ ಹಲ್ಲೂ ಬೀಳದೆ ಬರೋದ್ರಿಂದ ಯಾರಿಗೂ ಗೊತ್ತಾಗಲ್ಲ. ಇದು ಹೋದ್ರೆ ಮತ್ತೆ ಬರಲ್ಲ.” ನಿಮ್ಮ ಮಗುವಿಗೆ ಆರು ದಾಟಿದ್ದರೆ ಇವತ್ತೇ ಟಾರ್ಚ್ ಹಾಕಿ ಹಿಂದಿನ ದವಡೆ ನೋಡಿ.

ಹಾಗಂತ ಹಾಲು ಹಲ್ಲು ಹುಳುಕಾದರೆ ಬಿಡಿ ಅಂತ ಅಲ್ಲ. ಹಾಲು ದವಡೆ ಹಲ್ಲು ಹತ್ತು, ಹನ್ನೊಂದು ವರ್ಷದವರೆಗೂ ಇರಬೇಕು. ಅವಳಿಗೂ ಮೂರು ಹಲ್ಲಿಗೆ ಸಿಮೆಂಟ್ ತುಂಬಿದರು. ಎಲ್ಲ ಸೇರಿ ನನಗೆ ಸಾವಿರ ರೂಪಾಯಿ ದಾಟಲಿಲ್ಲ. ಬಸ್ಸು ಹೇಗೂ ಫ್ರೀ. ದುಬಾರಿಯಾದದ್ದು ರಜೆ. ನಾಲ್ಕು ಸಲ ಹೋಗಬೇಕಾಯಿತು, ನಾಲ್ಕು ದಿನದ ಕೂಲಿ, ಆ ತಿಂಗಳ ಅಟೆಂಡೆನ್ಸ್ ಬೋನಸ್ ಎರಡೂ ಹೋಯಿತು. ಭಾನುವಾರ ಬಾಗಿಲು ತೆರೆದಿರುವ ಕ್ಲಿನಿಕ್‌ಗೆ ನಮ್ಮಂಥವರು ಯಾಕೆ ಹೋಗುತ್ತೇವೆ ಅಂತ ಕೇಳುವವರಿಗೆ ಇದೇ ಉತ್ತರ.

ಇನ್ನೊಂದು, ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ತಿಂಗಳಿಗೆ 21,000ದವರೆಗೆ ಸಂಬಳ ಇರುವ ನಮ್ಮಂಥವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ ಇದೆ, ನೂರಕ್ಕೆ 75 ಪೈಸೆಯಂತೆ ಸಂಬಳದಲ್ಲೇ ಹಿಡಿಯುತ್ತಾರೆ. ಮಕ್ಕಳಿಗೂ ಅನ್ವಯಿಸುತ್ತದೆ, ಹಲ್ಲಿಗೂ ಅನ್ವಯಿಸುತ್ತದೆ. ಇಎಸ್‌ಐ ಅಂದರೆ ಜ್ವರ, ಹೆರಿಗೆ ಅಂತಷ್ಟೇ ನಾನು ತಿಳಿದಿದ್ದೆ. ಮಗು ಸರ್ಕಾರಿ ಶಾಲೆಯಲ್ಲೋ ಅಂಗನವಾಡಿಯಲ್ಲೋ ಇದ್ದರೆ ಆರ್‌ಬಿಎಸ್‌ಕೆ ಅನ್ನುವ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ತಂಡ ಬಂದು ನೋಡುತ್ತದೆ, ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ. ಅವರು ಹುಳುಕು ಹಲ್ಲನ್ನೂ ಬರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತಾರೆ. ನಾನು ಸಾಲ ಮಾಡಿ ಕಾನ್ವೆಂಟಿಗೆ ಹಾಕಿದ್ದೆ, ಆ ತಂಡ ಅಲ್ಲಿಗೆ ಬರಲ್ಲ. ಊರ ಕಡೆ ಇರುವವರು ಹತ್ತಿರದ ದಂತ ಕಾಲೇಜಿಗೆ ಹೋಗಿ. ಖಾಸಗಿ ಕಾಲೇಜಾದರೂ ಕ್ಲಿನಿಕ್‌ಗಿಂತ ಎಷ್ಟೋ ಕಮ್ಮಿ. ಟೈಮ್ ಹಿಡಿಯುತ್ತದೆ, ಆದರೆ ವಿದ್ಯಾರ್ಥಿ ಮಾಡಿದ್ದನ್ನು ಮೇಷ್ಟ್ರು ಬಂದು ನೋಡುತ್ತಾರೆ.

ಕ್ಲಿನಿಕ್‌ಗೇ ಹೋಗಬೇಕಾದರೆ ಎಕ್ಸ್‌ರೇ ಕೇಳಿ. ಯಾವ ಹಲ್ಲಿಗೆ ಎಷ್ಟು ಅಂತ ಬರೆಸಿಕೊಂಡು ಮನೆಗೆ ಬನ್ನಿ. ಅವತ್ತೇ ಓಟಿಪಿ ಹೇಳಬೇಡಿ. ಹೇಳಿಬಿಟ್ಟಿದ್ದರೆ ಅದೇ ದಿನ ಆ ಫೈನಾನ್ಸ್‌ನವರಿಗೆ ಸಾಲ ಬೇಡ ಅಂತ ಬರೆದು ಕಳಿಸಿ. ಆ್ಯಪ್ ಸಾಲಕ್ಕೆ ವಾಪಸ್ ಮಾಡಲು ಕನಿಷ್ಠ ಒಂದು ದಿನ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ. ನನಗೆ ಇದು ಗೊತ್ತಾಗುವಾಗ ಮೂರು ಕಂತು ಕಟ್ಟಿದ್ದೆ. ಈಗ ಆರ್‌ಬಿಐ ಸಹಾಯವಾಣಿ 14448ಕ್ಕೆ ಫೋನ್ ಮಾಡಿ, ಅವರು ಹೇಳಿದ ಹಾಗೆ ದೂರು ಹಾಕಿದ್ದೇನೆ. ಕಂತು ನಿಲ್ಲಿಸಿಲ್ಲ. ನಿಲ್ಲಿಸಿದರೆ ಸಿಬಿಲ್, ಅಂದರೆ ಸಾಲ ಸರಿಯಾಗಿ ಕಟ್ಟಿದ್ದಕ್ಕೆ ಸಿಗುವ ಅಂಕ, ಕೆಡುತ್ತದೆ.

ಮೊನ್ನೆ ಪಕ್ಕದ ಮನೆ ಹುಡುಗನ ಡೈರಿಯಲ್ಲಿ ಅದೇ ಗುಲಾಬಿ ಚೀಟಿ ನೋಡಿದೆ. ಐದು ಸುತ್ತು. ಅವನಮ್ಮ ಭಾನುವಾರ ಕ್ಲಿನಿಕ್‌ಗೆ ಹೊರಟಿದ್ದರು. ತಡೆದಿದ್ದೇನೆ. ಶನಿವಾರ ಬೆಳಗ್ಗೆ ಏಳಕ್ಕೆ ಇಬ್ಬರೂ ಮಾರ್ಕೆಟ್ ಬಸ್ ಹತ್ತುತ್ತೇವೆ.