ಅವೊಮೊರಿ ಮ್ಯೂಸಿಯಂ: ನಾಟಕದ ಪರದೆ ಬರೆಯುವವನೊಬ್ಬ ಕಂಡಂತೆ

ಬನಶಂಕರಿ ಜಾತ್ರೆಯ ಹೊತ್ತಿಗೆ ಬಾದಾಮಿ ಬಿಟ್ಟು ಹೋಗುವುದು ಪರದೆ ಪೇಂಟರ್‌ಗೆ ಆಗದ ಮಾತು. ಸಾಲಾಗಿ ನಾಟಕ ಕಂಪನಿಗಳ ಟೆಂಟು ಬಿದ್ದಿರುತ್ತವೆ, ಯಾವುದೋ ಕಂಪನಿಯ ಪರದೆ ಹರಿದಿರುತ್ತದೆ, ಇನ್ಯಾರಿಗೋ ಹೊಸ ದರ್ಬಾರಿನ ಪರದೆ ಬೇಕಿರುತ್ತದೆ. ಈ ಸಲ ಎಲ್ಲ ಕೆಲಸ ತಮ್ಮನ ತಲೆಗೆ ಕಟ್ಟಿ ಹೋದೆ. ಟೋಕಿಯೋದಲ್ಲಿರುವ ಮಗಳು ಫೋನಿನಲ್ಲಿ, ‘ಅಪ್ಪಾ, ಇಲ್ಲಿ ಉತ್ತರಕ್ಕ ಒಂದು ಮ್ಯೂಸಿಯಂನ್ಯಾಗ ನಾಟಕದ ಪರದೀನ ಗ್ವಾಡಿಗೆ ತೂಗು ಹಾಕ್ಯಾರ್ರಿ, ನೀವು ನೋಡಾಕ ಬೇಕು’ ಅಂದಿದ್ದಳು.

ಅದೇ ಅವೊಮೊರಿಯ ಕಲಾ ಮ್ಯೂಸಿಯಂ. ಟೋಕಿಯೋದಿಂದ ಶಿನ್-ಅವೊಮೊರಿ ಸ್ಟೇಷನ್ನಿಗೆ ಶಿಂಕನ್‌ಸೆನ್ ಬುಲೆಟ್ ರೈಲಿನಲ್ಲಿ ಮೂರು ತಾಸಿನ ಮೇಲೆ ಸ್ವಲ್ಪ. ಹಯಬುಸಾ ರೈಲಿಗೆ ಸೀಟು ಮೊದಲೇ ಕಾದಿರಿಸಬೇಕು. ಅವೊಮೊರಿ ಊರಿನ ಮೇಲೆ ವರ್ಷಕ್ಕೆ ಐದಾರು ಮೀಟರ್ ಹಿಮ ಬೀಳುತ್ತದಂತೆ. ರಸ್ತೆಯ ಎರಡೂ ಬದಿಗೆ ಆಳೆತ್ತರ ಒಟ್ಟಿದ್ದನ್ನು ನೋಡಿದ ಮೇಲೆ ಲೆಕ್ಕ ಕೇಳುವ ಗೋಜಿಗೇ ಹೋಗಲಿಲ್ಲ.

ಮ್ಯೂಸಿಯಂ 2006ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಜುನ್ ಅವೊಕಿ. ಪಕ್ಕದಲ್ಲೇ ಸನ್ನಾಯಿ-ಮರುಯಾಮ ಅಂತ ಜೋಮೋನ್ ಕಾಲದ, ಅಂದರೆ ಇತಿಹಾಸಕ್ಕೂ ಮೊದಲಿನ, ಹಳೇ ಊರನ್ನು ಅಗೆದು ತೆಗೆದಿದ್ದಾರೆ. ಆ ಉತ್ಖನನದ ಗುಂಡಿಗಳನ್ನೇ ನೋಡಿ ಈ ಕಟ್ಟಡದ ಯೋಚನೆ ಬಂತಂತೆ. ನೆಲವನ್ನು ಕಾಲುವೆಯ ಹಾಗೆ ಕಡಿದು, ಮೇಲಿಂದ ಬಿಳಿ ಕಟ್ಟಡ ಹೊದಿಸಿದ್ದಾರೆ. ಇಟ್ಟಿಗೆಗೂ ಬಿಳಿ ಬಣ್ಣ. ಹಿಮದಲ್ಲಿ ಗೋಡೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಹೋದವರಿಗೆ ಈ ಮಜಾ ಇಲ್ಲ.

ಇನ್ನು ಪರದೆಗಳು. ರಷ್ಯಾ ಮೂಲದ ಚಿತ್ರಕಾರ ಮಾರ್ಕ್ ಶಗಾಲ್ 1942ರಲ್ಲಿ, ಯುರೋಪಿನ ಯುದ್ಧದಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದಿದ್ದಾಗ, ‘ಅಲೆಕೊ’ ಎಂಬ ಬ್ಯಾಲೆ ನೃತ್ಯನಾಟಕಕ್ಕೆ ಬರೆದವು. ಒಟ್ಟು ನಾಲ್ಕು ಅಂಕ, ನಾಲ್ಕು ಪರದೆ. ಮೂರು ಅವೊಮೊರಿಯವರ ಸ್ವಂತದ್ದು, ಮೂರನೇ ಅಂಕದ್ದು ಅಮೆರಿಕದ ಫಿಲಡೆಲ್ಫಿಯಾ ಮ್ಯೂಸಿಯಂನವರದು, ಎರವಲು ತಂದಿದ್ದಾರೆ. ಒಂದೊಂದೂ ಹೆಚ್ಚುಕಡಿಮೆ 9 ಮೀಟರ್ ಎತ್ತರ, 15 ಮೀಟರ್ ಅಗಲ. ಹತ್ತಿಬಟ್ಟೆಯ ಮೇಲೆ ಟೆಂಪೆರಾ ಬಣ್ಣ. ಇವುಗಳಿಗೆಂದೇ 19 ಮೀಟರ್ ಎತ್ತರದ ಹಾಲ್ ಕಟ್ಟಿದ್ದಾರೆ.

ಹೋದವರೆಲ್ಲ ಪರದೆಯ ಬುಡಕ್ಕೆ ಹೋಗಿ ನಿಲ್ಲುತ್ತಾರೆ. ನಾನು ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತೆ, ಯಾಕೆಂದರೆ ಪರದೆ ಬರೆಯುವುದು ಕಡೇ ಸಾಲಿನ ಚಾಪೆಯವನಿಗೆ. ಮೊದಲ ಅಂಕ ಇಡೀ ನೀಲಿ ರಾತ್ರಿ, ಬೆಳ್ಳಗಿನ ಚಂದ್ರ, ತೇಲುವ ಪ್ರೇಮಿಗಳು, ಒಂದು ಹುಂಜ. ಮೂರನೆಯದು ಗೋಧಿ ಹೊಲ. ಹಳದಿಯೋ ಹಳದಿ, ಮೇಲೆ ಎರಡು ಸೂರ್ಯ. ನಮ್ಮ ಮಾಲೀಕರಾಗಿದ್ದರೆ ‘ಒಂದ ಸೂರ್ಯಾನ ರೊಕ್ಕ ಕಡೀತೀನಿ’ ಅನ್ನುತ್ತಿದ್ದರು. ನಾಲ್ಕನೆಯದರಲ್ಲಿ ಬಿಳಿ ಕುದುರೆ ಗಾಡಿಸಮೇತ ಕತ್ತಲ ಆಕಾಶಕ್ಕೆ ಹಾರುತ್ತದೆ, ಮೇಲೆ ದೀಪದ ಗೊಂಚಲು, ಕೆಳಗೆ ಕೆಂಪಗೆ ಊರು. ನಾವು ಬೀದಿ ಬರೆದರೆ ಕಂಬ ಸಾಲುಸಾಲಾಗಿ ಸಣ್ಣದಾಗುತ್ತ ಒಳಗೆ ಹೋಗಬೇಕು, ಆಗಲೇ ಹತ್ತು ಫೂಟಿನ ಸ್ಟೇಜು ಮೈಲುದ್ದ ಕಾಣುವುದು. ಈ ಮನುಷ್ಯ ಆ ಲೆಕ್ಕವನ್ನೇ ಬಿಟ್ಟಿದ್ದಾನೆ. ಬಣ್ಣವೇ ಆಳ.

ಒಂದು ತಕರಾರು ಮಾತ್ರ ಉಂಟು. ಇಂಥ ಪರದೆ ಮುಂದೆ ನಟ ಬಂದು ನಿಂತರೆ ಅವನನ್ನು ನೋಡುವವರು ಯಾರು? ಪರದೆ ಪಾತ್ರಕ್ಕೆ ದಾರಿ ಬಿಡಬೇಕು. ಇವು ಬಿಡುವುದಿಲ್ಲ. ಸ್ಟೇಜಿಗಿಂತ ಇಲ್ಲಿ, ಖಾಲಿ ಹಾಲಿನಲ್ಲೇ, ಇವಕ್ಕೆ ಸರಿಯಾದ ಜಾಗ ಸಿಕ್ಕಿದೆ ಅಂತ ನನ್ನ ಅನಿಸಿಕೆ.

ಎಲ್ಲರೂ ಫೋಟೋ ಹಾಕುವ ‘ಅವೊಮೊರಿ ನಾಯಿ’ ಶಿಲ್ಪವೂ ಇದೇ ಮ್ಯೂಸಿಯಂನದು. ಪಕ್ಕದ ಹಿರೊಸಾಕಿಯಲ್ಲಿ ಹುಟ್ಟಿದ ಕಲಾವಿದ ಯೊಶಿತೊಮೊ ನಾರಾ ಮಾಡಿದ್ದು, ಎಂಟೂವರೆ ಮೀಟರ್ ಎತ್ತರ. ನಾವು ಹೋದಾಗ ಹತ್ತಿರ ಹೋಗುವ ಹೊರದಾರಿ ಹಿಮಕ್ಕೆ ಮುಚ್ಚಿತ್ತು, ಗಾಜಿನಾಚೆ ನೋಡಿದೆವು. ತಲೆಯ ಮೇಲೆ ಮೊಳದಷ್ಟು ಹಿಮ, ಕೆಳಗೆ ಇಳಿಬಿದ್ದ ಕಣ್ಣು. ಜಡಿಮಳೆಯಲ್ಲಿ ಗೋಣಿಚೀಲ ಹೊದ್ದು ನಿಂತ ಕುರಿಗಾರನ ಥರ. ಹತ್ತು ನಿಮಿಷ ಸಾಕು.

ಅದೇ ಜಿಲ್ಲೆಯ ಟೊವಾಡಾ ಆರ್ಟ್ ಸೆಂಟರಿಗೂ ಹೋಗಿ. ಶಿಚಿನೊಹೆ-ಟೊವಾಡಾ ಸ್ಟೇಷನ್ನಿನಲ್ಲಿ ಇಳಿದು ಬಸ್ಸು. ರ‍್ಯೂಯೆ ನಿಶಿಜಾವಾ ವಿನ್ಯಾಸ, 2008ರದು. ಬಿಳಿ ಡಬ್ಬಿಗಳಂಥ ಕೋಣೆಗಳು, ನಡುವೆ ಗಾಜಿನ ದಾರಿ. ಒಂದು ಕೋಣೆಯಲ್ಲಿ ಶಿಲ್ಪಿ ರಾನ್ ಮ್ಯೂಯೆಕ್‌ನ ‘ನಿಂತ ಹೆಂಗಸು’, ಸುಮಾರು 4 ಮೀಟರ್ ಎತ್ತರದ ಮುದುಕಿ. ಕೈಮೇಲಿನ ನರ, ಚರ್ಮದ ಸುಕ್ಕು, ಒಂದೊಂದು ಕೂದಲು ನಿಜಕ್ಕಿಂತ ನಿಜ. ನನ್ನ ಹೆಂಡತಿ ಸುತ್ತ ತಿರುಗಿ ಬಂದು, ‘ಏನ್ರೀ, ಎಲ್ಲೆ ನಿಂತ್ರೂ ಈಕಿ ನಮ್ಮನ್ನ ನೋಡವಲ್ಲಳಲ್ಲ’ ಅಂದಳು. ಖರೇ, ಕಣ್ಣು ಬೇರೆಲ್ಲೋ ನೆಟ್ಟಿದ್ದಾಳೆ. ಹೊರಗೆ ಕಲಾವಿದ ಚೋಯ್ ಜಿಯಾಂಗ್ ಹ್ವಾನ ಹೂವಿನ ಕುದುರೆ, ಅಷ್ಟು ಬಿಳುಪಿನ ನಡುವೆ ಬಣ್ಣ ಕಿರಿಚುತ್ತದೆ. ಜಾತ್ರೆಗೆ ಒಯ್ದರೆ ಅದೇ ಹೊಂದುತ್ತಿತ್ತು.

ಬೂಟು ಇಲ್ಲಿಂದ ಒಯ್ಯಬೇಡಿ. ಬೆಳಗಾವಿಯ ಒಂದು ಅಂಗಡಿಯವ ‘ನೀರು ಹತ್ತೂದಿಲ್ರಿ’ ಅಂತ ಆಣೆ ಮಾಡಿ ಕೊಟ್ಟದ್ದು ಮೊದಲ ದಿನವೇ ತೊಯ್ದು ಮುದ್ದೆ. ಅಲ್ಲೇ ಮೊಣಕಾಲುದ್ದದ ರಬ್ಬರ್ ಬೂಟು ಸಿಗುತ್ತವೆ. ಸಸ್ಯಾಹಾರಿಗಳಿಗೆ ಕಷ್ಟ, ಸಾರಿನಲ್ಲೂ ಮೀನಿನ ರಸ ಇರುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ಸೇಬು ಮಾತ್ರ ಅಲ್ಲಿಯದೇ ತಿನ್ನಿ, ಜಪಾನಿನ ಅರ್ಧಕ್ಕಿಂತ ಹೆಚ್ಚು ಸೇಬು ಆ ಜಿಲ್ಲೆಯದೇ. ಟೊವಾಡಾ ಸೋಮವಾರ ರಜೆ, ಬಸ್ಸುಗಳೂ ಕಡಿಮೆ. ವೇಳೆ ನೋಡಿಕೊಂಡೇ ಹೊರಡಿ.